ವಿಮಾನ ನಿಲ್ದಾಣದ ಹವಾವರ್ತಮಾನ



ಕಲಬುರಗಿಯ ಸೀಮೆಯಲ್ಲಿ ಮರತೂರು ಎಂಬುದೊಂದು ಗ್ರಾಮವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ತಮ್ಮ ಊರಿನವನೆಂದು ಅಲ್ಲಿಯ ಜನರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ವ್ಯಾಖ್ಯಾನದ ಹೆಸರು ಮಿತಾಕ್ಷರಾ. ಎಂದರೆ ಅಳೆದು ಇಟ್ಟ ಅಕ್ಷರಗಳುಳ್ಳದ್ದು. ಅಕ್ಷರ ಕಡಮೆಯಾದಷ್ಟೂ ಓದುವವನ ಹೊಣೆ ಹೆಚ್ಚುತ್ತದೆ ಎಂಬುದು ನಮ್ಮ ಶಾಸ್ತ್ರಕಾರರಿಗೆ ಚೆನ್ನಾಗಿ ತಿಳಿದಿತ್ತು. ಈ ದಿನ ನಾವು ಹೇಳಲು ಹೊರಟಿರುವುದು ಧರ್ಮಶಾಸ್ತ್ರವಲ್ಲ. ಆದರೆ ಅದೂ ಒಂದು ಬಗೆಯ ಮಿತಾಕ್ಷರವೇ. ವಿಮಾನ ನಿಲ್ದಾಣಗಳಿಗಾಗಿ ಹವಾಮಾನ ಇಲಾಖೆಯವರು ದಿನವೂ ಹೊರಡಿಸುವ ಮುನ್ಸೂಚನೆಯು ನಾಲ್ಕೈದು ಪಂಕ್ತಿಗಳಷ್ಟೇ ಇರುತ್ತದೆ. ಅದರಲ್ಲಿ ಕ್ರಿಯಾಪದವಿಲ್ಲ, ವಿಭಕ್ತಿಯಿಲ್ಲ, ಅಲಂಕಾರವಂತೂ ಇಲ್ಲವೇ ಇಲ್ಲ. ಆದರೂ ನೂರಾರು ಜನರ ಪ್ರಾಣವು ಆ ಪಂಕ್ತಿಗಳನ್ನು ಸರಿಯಾಗಿ ಓದಿಕೊಳ್ಳುವುದನ್ನು ಅವಲಂಬಿಸಿರುತ್ತದೆ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಒಂದು ಸಣ್ಣ ಕಾರಣವುಂಟು. 2019ರ ನವೆಂಬರ್ 22ರಂದು ಕಲಬುರಗಿಯ ಪೂರ್ವಕ್ಕೆ, ಶ್ರೀನಿವಾಸ ಸರಡಗಿಯ ಬಳಿ, ವಿಮಾನ ನಿಲ್ದಾಣವೊಂದು ತೆರೆಯಿತು. ಅದಾದ ಮೇಲೆ ಆಳಂದದ ಕಡೆಯ ಒಂದು ಹಳ್ಳಿಯಲ್ಲಿ ಕುಳಿತು ನಾವು ಇಂತಹ ಮುನ್ಸೂಚನೆಯೊಂದನ್ನು ಓದುತ್ತಿದ್ದೆವು. ಪಕ್ಕದಲ್ಲಿದ್ದ ಹಿರಿಯ ಒಕ್ಕಲಿಗರೊಬ್ಬರು ಬಗ್ಗಿ ನೋಡಿ, "ಏನ್ರಿ ಸಾಹೇಬ್ರ, ಇಷ್ಟೆಲ್ಲ ಸೊನ್ನಿ ಬರ್ದಾರ, ನಮ್ಮ ಊರಿಗಿ ಮಳಿ ಅದನೋ ಇಲ್ಲೋ ಅದನ್ನೇ ಬರ್ದಿಲ್ಲಲ್ಲ!" ಎಂದರು. ನಾವು ನಕ್ಕೆವು, ಆದರೆ ಕೂಡಲೇ ಉತ್ತರ ಕೊಡಲಾಗಲಿಲ್ಲ. ಅವರ ಅಂಗಳದಲ್ಲಿ ಕುಯ್ದು ತಂದ ಸೋಯಾ ರಾಶಿ ಹರವಿತ್ತು. ಪಡುವಣ ದಿಕ್ಕಿನಲ್ಲಿ ಮೋಡ ಏಳುತ್ತಿತ್ತು. ಅವರ ಪ್ರಶ್ನೆ ಕುತೂಹಲದ್ದಾಗಿರಲಿಲ್ಲ, ವರ್ಷದ ಅನ್ನದ್ದಾಗಿತ್ತು. ಈ ಭಾಷಣವು ಆ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರವೆಂದು ತಾವು ಭಾವಿಸಬೇಕು.

ಮೊದಲು ಈ ಬರಹಕ್ಕೆ ಇಂತಹ ರೂಪವೇತಕ್ಕೆ ಬಂದಿತು ಎಂಬುದನ್ನು ನೋಡೋಣ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಪುಸ್ ಮಾತ್ ಎಂಬ ಒಂಟಿ ಇಂಜಿನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅವರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೇ ಕನ್ನಡ ನಾಡಿನ ಊರೊಂದರ ಹೆಸರಿದೆ ಎಂಬುದು ನಮಗೆ ಸಂತೋಷದ ಸಂಗತಿ. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಮುಂದಿನ ಬೆಟ್ಟದಾಚೆ ಮೋಡವಿದೆಯೋ ಬಯಲಿದೆಯೋ ಎಂಬುದನ್ನು ಕಣ್ಣಿನಿಂದಲೇ ಅರಿಯಬೇಕಾಗಿತ್ತು. ಹಾರುವ ಮೊದಲು ದೊರೆತ ವರ್ತಮಾನವೇ ದಾರಿಯ ಬುತ್ತಿ. ಹೀಗಿರುವಾಗ ದೂರದ ಊರಿನ ಹವೆಯ ಸುದ್ದಿಯನ್ನು ತಂತಿಯ ಮೂಲಕ, ಕಡಮೆ ಅಕ್ಷರಗಳಲ್ಲಿ, ಯಾವ ದೇಶದವನು ಓದಿದರೂ ಒಂದೇ ಅರ್ಥ ಬರುವಂತೆ ಕಳುಹಿಸುವ ಸಂಕೇತಗಳು ಬೇಕಾದುವು. ತಂತಿಯ ಕಾಲ ಮುಗಿದುಹೋಯಿತು, ಸಂಕೇತ ಉಳಿಯಿತು. ಅದರಲ್ಲಿ ಕೆಲವು ಅಕ್ಷರಗಳು ಇಂಗ್ಲಿಷಿನವು, ಕೆಲವು ಫ್ರೆಂಚಿನವು. ತೆಳುಮಂಜಿಗೆ ಬಿ-ಆರ್ ಎಂದು ಬರೆಯುವುದು ಬ್ರೂಮ್ ಎಂಬ ಫ್ರೆಂಚ್ ಶಬ್ದದಿಂದ. ಆಲಿಕಲ್ಲಿಗೆ ಜಿ-ಆರ್ ಎನ್ನುವುದು ಗ್ರೆಲ್ ಎಂಬ ಶಬ್ದದಿಂದ. ಅಳತೆಗಳಲ್ಲಿಯೂ ಇದೇ ಬೆರಕೆ: ಗಾಳಿಯನ್ನು ನಾವಿಕರ ನಾಟ್ ಎಂಬ ಮಾನದಿಂದ, ದೃಷ್ಟಿಯ ದೂರವನ್ನು ಮೀಟರಿನಿಂದ, ಮೋಡದ ಎತ್ತರವನ್ನು ಅಡಿಗಳಿಂದ ಅಳೆಯುತ್ತಾರೆ. ಒಂದೇ ಪಂಕ್ತಿಯಲ್ಲಿ ಮೂರು ಸಂತೆಯ ಸೇರುಗಳು!

ಇಲ್ಲಿ ಎರಡು ಪತ್ರಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಮೆಟಾರ್ ಎಂಬುದು ಈಗ ನಿಲ್ದಾಣದಲ್ಲಿ ಕಂಡ ಹವೆಯ ವರದಿ. ಅದು ಸಾಕ್ಷಿಯ ಹೇಳಿಕೆಯಂತೆ. ಟಿ-ಎ-ಎಫ್ ಎಂಬ ಮೂರು ಅಕ್ಷರಗಳಿಂದ ಮೊದಲಾಗುವುದು ಮುಂದೆ ಬರಬಹುದಾದ ಹವೆಯ ಮುನ್ಸೂಚನೆ. ಅದು ತಜ್ಞನ ಅಭಿಪ್ರಾಯದಂತೆ. ಇದನ್ನು ಜನರು ಟಾಫ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇದರ ಅವಧಿಯು 6 ಗಂಟೆಗಿಂತ ಕಡಮೆಯಿಲ್ಲ, 30 ಗಂಟೆಗಿಂತ ಹೆಚ್ಚಿಲ್ಲ. 12 ಗಂಟೆಗಿಂತ ಕಡಮೆ ಅವಧಿಯದನ್ನು ಮೂರು ಗಂಟೆಗೊಮ್ಮೆಯೂ, ಅದಕ್ಕಿಂತ ದೀರ್ಘವಾದುದನ್ನು ಆರು ಗಂಟೆಗೊಮ್ಮೆಯೂ ಹೊಸದಾಗಿ ಬರೆಯುತ್ತಾರೆ. ಆದುದರಿಂದ ನಿನ್ನೆಯ ಟಾಫನ್ನು ಇಂದು ಓದುವುದು ಕಳೆದ ವರ್ಷದ ಪಂಚಾಂಗವನ್ನು ನೋಡಿದಂತೆಯೇ ಸರಿ.

ಈಗ ಒಂದು ಮಾದರಿಯನ್ನು ಓದೋಣ. ಇದು ಇಂದಿನ ಮುನ್ಸೂಚನೆಯಲ್ಲ. ಅಭ್ಯಾಸಕ್ಕಾಗಿ ನಾವೇ ಕಟ್ಟಿಕೊಂಡದ್ದು. ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಅಕ್ಟೋಬರ್ 10ರಂದು ಬರೆದದ್ದೆಂದು ಭಾವಿಸಿರಿ. ಪೆನ್ಸಿಲು ಕಾಗದವಿದ್ದರೆ ದಯವಿಟ್ಟು ಬರೆದುಕೊಳ್ಳಬಹುದು.

ಟಿ-ಎ-ಎಫ್, ವಿ-ಓ-ಎಚ್-ಎಸ್, 100500-ಝಡ್, 1006/1112, 09006-ಕೆ-ಟಿ, 6000, ಎಸ್-ಸಿ-ಟಿ 020, ಬಿ-ಕೆ-ಎನ್ 090, ಟಿ-ಎಕ್ಸ್ 33/1009-ಝಡ್, ಟಿ-ಎನ್ 21/1100-ಝಡ್.

ಟೆಂಪೊ 1010/1014, 06020-ಜಿ-35-ಕೆ-ಟಿ, 2000, ಟಿ-ಎಸ್-ಆರ್-ಎ, ಎಫ್-ಇ-ಡಬ್ಲ್ಯೂ 030 ಸಿ-ಬಿ, ಬಿ-ಕೆ-ಎನ್ 080.

ಬಿ-ಇ-ಸಿ-ಎಂ-ಜಿ 1017/1019; 4000; ಬಿ-ಆರ್.

ಪ್ರಾಬ್ 30, 1022/1102, 0800, ಎಫ್-ಜಿ.

ಇಷ್ಟೇ ಮೂಲ. ಇನ್ನು ಭಾಷ್ಯ.

ವಿ-ಓ-ಎಚ್-ಎಸ್ ಎಂಬುದು ಊರಿನ ಗುರುತು. ಮೊದಲನೆಯ ಅಕ್ಷರವು ಭೂಮಂಡಲದ ನಮ್ಮ ಭಾಗವನ್ನೂ, ಎರಡನೆಯದು ಚೆನ್ನೈ ಕೇಂದ್ರವಾಗಿರುವ ದಕ್ಷಿಣದ ವಾಯುಪ್ರದೇಶವನ್ನೂ, ಉಳಿದೆರಡು ನಿಲ್ದಾಣವನ್ನೂ ತಿಳಿಸುತ್ತವೆ. ಬೆಂಗಳೂರು ವಿ-ಓ-ಬಿ-ಎಲ್, ಕಲಬುರಗಿ ವಿ-ಓ-ಜಿ-ಬಿ. ಊರಿನ ಹೆಸರು 2014ರಲ್ಲಿ ಗುಲ್ಬರ್ಗದಿಂದ ಕಲಬುರಗಿಗೆ ಮರಳಿದರೂ ಸಂಕೇತದಲ್ಲಿ ಹಳೆಯ ಹೆಸರಿನ ಅಕ್ಷರಗಳೇ ನಿಂತಿವೆ.

ಮುಂದಿನದು ಕಾಲ. 100500-ಝಡ್ ಎಂದರೆ ಹತ್ತನೆಯ ತಾರೀಖು, ವಿಶ್ವಕಾಲ 5 ಗಂಟೆ. ಈ ಝಡ್ ಎಂಬ ಅಕ್ಷರವೇ ಹೊಸಬರನ್ನು ಎಡವಿಸುವ ಕಲ್ಲು. ವಿಮಾನಲೋಕವೆಲ್ಲ ಗ್ರೀನಿಚ್ ಮಧ್ಯರೇಖೆಯ ಗಡಿಯಾರದಿಂದ ನಡೆಯುತ್ತದೆ. ನಾವು ಅದಕ್ಕೆ ಐದೂವರೆ ಗಂಟೆಯನ್ನು ಕೂಡಿಸಿಕೊಳ್ಳಬೇಕು. ಹಾಗಾದರೆ ಇದು ಬೆಳಿಗ್ಗೆ 10 ಗಂಟೆ 30 ನಿಮಿಷಕ್ಕೆ ಬರೆದದ್ದು. 1006/1112 ಎಂಬುದರಲ್ಲಿ ಮೊದಲೆರಡು ಅಂಕೆಗಳು ತಾರೀಖು, ಮುಂದಿನೆರಡು ಗಂಟೆ. ಹತ್ತನೆಯ ತಾರೀಖಿನ ನಮ್ಮ ಹನ್ನೊಂದೂವರೆಯಿಂದ ಹನ್ನೊಂದನೆಯ ತಾರೀಖಿನ ಸಂಜೆ ಐದೂವರೆಯ ವರೆಗೆ, ಒಟ್ಟು 30 ಗಂಟೆ, ಈ ಮುನ್ಸೂಚನೆಗೆ ಆಯುಸ್ಸು.

ಮೂರನೆಯದು ಗಾಳಿ. 09006-ಕೆ-ಟಿ ಎಂಬುದರ ಮೊದಲ ಮೂರು ಅಂಕೆಗಳು ದಿಕ್ಕು. ಉತ್ತರ 360 ಅಂಶ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಗಾಳಿಯು ಹೋಗುವ ದಿಕ್ಕಲ್ಲ, ಬರುವ ದಿಕ್ಕು ಎಂಬುದನ್ನು ಮರೆಯಬಾರದು. ಮೂಡುಗಾಳಿ, ಪಡುಗಾಳಿ ಎನ್ನುವಾಗ ನಮ್ಮ ಒಕ್ಕಲಿಗರು ಹೇಳುವುದೂ ಹೀಗೆಯೇ. ಕೊನೆಯ ಎರಡು ಅಂಕೆಗಳು ವೇಗ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಆರು ನಾಟ್ ಎಂದರೆ ಸುಮಾರು 11 ಕಿಲೋಮೀಟರು; ಜೋಳದ ಗರಿ ಅಲುಗುವಷ್ಟು ಮೂಡುಗಾಳಿ. ಆದರೆ ಟೆಂಪೊ ಎಂಬ ಎರಡನೆಯ ಪಂಕ್ತಿಯನ್ನು ನೋಡಿರಿ: 06020-ಜಿ-35. ಈಶಾನ್ಯದ ಕಡೆಯಿಂದ 20 ನಾಟ್ ಗಾಳಿ, ನಡುನಡುವೆ 35 ನಾಟ್ ಬೀಸು. ಎಂದರೆ 37 ಕಿಲೋಮೀಟರಿನ ಗಾಳಿಯಲ್ಲಿ 65 ಕಿಲೋಮೀಟರಿನ ಹೊಡೆತ.

ಇದು ವಿಮಾನಕ್ಕೆ ಏನನ್ನು ಹೇಳುತ್ತದೆ? ಶಂಷಾಬಾದಿನ ಓಡುದಾರಿಗಳು ಪೂರ್ವಪಶ್ಚಿಮವಾಗಿವೆ. ಪೂರ್ವಕ್ಕೆ ಮುಖವಾಗಿ ಇಳಿಯುವ ತುದಿಗೆ 09 ಎಂದು, ಪಶ್ಚಿಮಕ್ಕೆ ಮುಖವಾದುದಕ್ಕೆ 27 ಎಂದು ಅಂಕಿತ. ಗಾಳಿ 60 ಅಂಶದಿಂದ ಬಂದರೆ ಓಡುದಾರಿಗೂ ಗಾಳಿಗೂ ನಡುವಿನ ಕೋನ 30 ಅಂಶ. ತ್ರಿಕೋಣಮಿತಿಯನ್ನು ಓದಿದವರು ಬಲ್ಲರು, 30 ಅಂಶದ ಜ್ಯಾ ಅರ್ಧ. ಆದುದರಿಂದ ಗಾಳಿಯ ಅರ್ಧಪಾಲು ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ: ಸಾಧಾರಣವಾಗಿ 10 ನಾಟ್, ಬೀಸು ಬಂದಾಗ ಹದಿನೇಳೂವರೆ. ಎದುರುಗಾಳಿ ವಿಮಾನಕ್ಕೆ ಮಿತ್ರ; ಇಳಿಯುವಾಗ ಅದು ತಡೆಹಿಡಿಯುತ್ತದೆ. ಪಕ್ಕದ ಗಾಳಿ ಪರೀಕ್ಷಕ. ಬೆನ್ನ ಹಿಂದಿನ ಗಾಳಿ ಶತ್ರು. ಅದು ವಿಮಾನವನ್ನು ನೆಲದ ಮೇಲೆ ಇನ್ನೂ ಮುಂದಕ್ಕೆ ಓಡಿಸುತ್ತದೆ. 2020ರ ಆಗಸ್ಟ್ 7ರ ರಾತ್ರಿ ಕೋಳಿಕೋಡಿನಲ್ಲಿ, ಮಳೆಯಲ್ಲಿ, ಬೆನ್ನುಗಾಳಿಯೊಡನೆ ಇಳಿದ ವಿಮಾನವೊಂದು ಓಡುದಾರಿಯ ಕೊನೆಯನ್ನು ಮೀರಿ ದಿಬ್ಬದಿಂದ ಕೆಳಗೆ ಬಿದ್ದು 21 ಮಂದಿ ಮಡಿದರು. ಗಾಳಿಯ ದಿಕ್ಕನ್ನು ಸೂಚಿಸುವ ಆ ಮೂರು ಅಂಕೆಗಳು ಎಷ್ಟು ಭಾರವಾದವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಿಲ್ಲ.

ನಾಲ್ಕನೆಯದು ದೃಷ್ಟಿಯ ದೂರ. 6000 ಎಂದರೆ ಆರು ಸಾವಿರ ಮೀಟರು. 9999 ಎಂದು ಕಂಡರೆ ಬೆರಗಾಗಬೇಡಿ. ಹತ್ತು ಕಿಲೋಮೀಟರು ಅಥವಾ ಅದಕ್ಕೂ ಹೆಚ್ಚು ಎಂದು ಅದರ ಅರ್ಥ. ದೃಷ್ಟಿ 1000 ಮೀಟರಿಗಿಂತ ಕೆಳಗಿಳಿದರೆ ಎಫ್-ಜಿ, ಅದು ದಟ್ಟ ಮಂಜು. 1000ದಿಂದ 5000 ಮೀಟರಿನ ವರೆಗೆ ಇದ್ದರೆ ಬಿ-ಆರ್, ಅದು ತೆಳುಮಂಜು. ಒಣಹವೆಯ ಧೂಳುಮುಸುಕಿಗೆ ಎಚ್-ಝಡ್ ಎಂಬ ಬೇರೆ ಹೆಸರುಂಟು. ಆರ್-ಎ ಎಂದರೆ ಮಳೆ, ಡಿ-ಝಡ್ ಎಂದರೆ ಜಿನುಗು, ಟಿ-ಎಸ್ ಎಂದರೆ ಗುಡುಗು. ಹಿಂದೆ ಕೂಡು ಚಿಹ್ನೆಯಿದ್ದರೆ ಜೋರು. ಕಳೆಯುವ ಚಿಹ್ನೆಯಿದ್ದರೆ ಹಗುರ. ಏನೂ ಇಲ್ಲದಿದ್ದರೆ ಸಾಧಾರಣ.

ಐದನೆಯದು ಮೋಡ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆಯೆಂದು ನೋಡುತ್ತಾರೆ. ಒಂದೆರಡು ಪಾಲಾದರೆ ಎಫ್-ಇ-ಡಬ್ಲ್ಯೂ; ಮೂರು ನಾಲ್ಕಾದರೆ ಎಸ್-ಸಿ-ಟಿ; ಐದರಿಂದ ಏಳರ ವರೆಗೆ ಬಿ-ಕೆ-ಎನ್; ಎಂಟೂ ಮುಚ್ಚಿದರೆ ಓ-ವಿ-ಸಿ. ಪಕ್ಕದ ಮೂರು ಅಂಕೆಗಳಿಗೆ ಎರಡು ಸೊನ್ನೆಗಳನ್ನು ಸೇರಿಸಿದರೆ ಮೋಡದ ಅಡಿ ಎಷ್ಟು ಎತ್ತರದಲ್ಲಿದೆಯೆಂಬುದು ಅಡಿಗಳಲ್ಲಿ ದೊರೆಯುತ್ತದೆ. 020 ಎಂದರೆ 2000 ಅಡಿ. ಅದು ಸಮುದ್ರಮಟ್ಟದಿಂದಲ್ಲ, ನಿಲ್ದಾಣದ ನೆಲದಿಂದ. ಇವೆಲ್ಲಕ್ಕಿಂತ ಮುಖ್ಯವಾದುದು ಸಿ-ಬಿ ಎಂಬ ಎರಡಕ್ಷರ. ಅದು ಕ್ಯುಮುಲೋನಿಂಬಸ್, ಮಧ್ಯಾಹ್ನದ ಮೇಲೆ ಕೋಟೆಯಂತೆ ಬೆಳೆದು, ನೆತ್ತಿಯಲ್ಲಿ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುವ ಮಳೆಮೋಡ. ಮಿಂಚು, ಆಲಿಕಲ್ಲು, ಕೆಳಕ್ಕೆ ಧುಮುಕುವ ತಂಗಾಳಿ, ಇವೆಲ್ಲವೂ ಅದರ ಒಡಲಲ್ಲಿ. ಎಂಟರಲ್ಲಿ ಒಂದು ಪಾಲಷ್ಟೇ ಇದ್ದರೂ ಚಾಲಕನು ಉಳಿದ ಏಳು ಪಾಲನ್ನು ಬಿಟ್ಟು ಅದನ್ನೇ ನೋಡುತ್ತಾನೆ.

ಟಿ-ಎಕ್ಸ್ ಪರಮ ಉಷ್ಣತೆ, ಟಿ-ಎನ್ ಕನಿಷ್ಠ ಉಷ್ಣತೆ: ಮಧ್ಯಾಹ್ನ ಎರಡೂವರೆಗೆ 33 ಡಿಗ್ರಿ, ಮುಂಜಾವ ಐದೂವರೆಗೆ 21. ಬೇಸಗೆಯಲ್ಲಿ ನಮ್ಮ ಕಡೆಯ ಬಿಸಿಲು 40 ದಾಟಿದಾಗ ಈ ಅಂಕೆಯೂ ಅಲ್ಪವಲ್ಲ. ಕಾದ ಗಾಳಿ ತೆಳ್ಳಗಾಗಿ ರೆಕ್ಕೆಗೆ ಆಸರೆ ಕಡಮೆಯಾಗುವುದರಿಂದ ವಿಮಾನವು ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ.

ಇಲ್ಲಿಯ ವರೆಗಿನದು ಶಬ್ದಕೋಶ. ಇನ್ನು ಮುಂದಿನದು ವ್ಯಾಕರಣ. ಮುನ್ಸೂಚನೆಯ ಸತ್ತ್ವವೆಲ್ಲ ಇದರಲ್ಲಿಯೇ ಇದೆ. ಬಿ-ಇ-ಸಿ-ಎಂ-ಜಿ ಎಂದರೆ ಹವೆಯು ಆ ಅವಧಿಯೊಳಗೆ ಬದಲಾಗಿ, ಬದಲಾದ ಹಾಗೆಯೇ ನಿಲ್ಲುತ್ತದೆ. ನಮ್ಮ ಮಾದರಿಯಲ್ಲಿ ರಾತ್ರಿ ಹತ್ತೂವರೆಗೂ ಹನ್ನೆರಡೂವರೆಗೂ ನಡುವೆ ತೆಳುಮಂಜು ಕವಿದು ದೃಷ್ಟಿ 4000 ಮೀಟರಿಗೆ ಇಳಿಯುತ್ತದೆ. ಟೆಂಪೊ ಎಂದರೆ ಬಂದು ಹೋಗುವುದು: ಪ್ರತಿಸಲವೂ ಒಂದು ಗಂಟೆಗಿಂತ ಕಡಮೆ, ಎಲ್ಲವನ್ನೂ ಕೂಡಿಸಿದರೂ ಅವಧಿಯ ಅರ್ಧಕ್ಕಿಂತ ಕಡಮೆ. 1010/1014 ಎಂಬುದು ನಮ್ಮ ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳೂವರೆ. ಆ ನಾಲ್ಕು ಗಂಟೆಯೂ ಗುಡುಗುಮಳೆ ಹೊಡೆಯುತ್ತದೆಂದು ಇದು ಹೇಳುತ್ತಿಲ್ಲ. ನಡುವೆ ಬಂದು, ತುಸುಹೊತ್ತು ಆರ್ಭಟಿಸಿ, ಹೋಗುತ್ತದೆ. ಒಟ್ಟು ಎರಡು ಗಂಟೆಯನ್ನು ಮುಟ್ಟುವುದಿಲ್ಲ ಎನ್ನುತ್ತದೆ.

ಪ್ರಾಬ್ 30 ಎಂದರೆ ನೂರಕ್ಕೆ 30ರ ಸಂಭವ. ಪ್ರಾಬ್ 40 ಎಂಬುದೂ ಉಂಟು. 50 ಎಂಬುದು ಇಲ್ಲ. ಅಷ್ಟು ಸಂಭವವಿದ್ದರೆ ಅದನ್ನು ಸಂಭವವೆಂದು ಬರೆಯದೆ ನೇರವಾಗಿ ಮುನ್ಸೂಚನೆಯೊಳಕ್ಕೇ ಸೇರಿಸಬೇಕೆಂಬ ನಿಯಮ. 30ಕ್ಕಿಂತ ಕಡಮೆಯಾದುದನ್ನು ಬರೆಯುವುದೇ ಇಲ್ಲ. ನಮ್ಮ ಮಾದರಿಯಲ್ಲಿ ಮುಂಜಾವ ಮೂರೂವರೆಯಿಂದ ಏಳೂವರೆಯ ವರೆಗೆ ದಟ್ಟ ಮಂಜು ಬಂದು ದೃಷ್ಟಿ 800 ಮೀಟರಿಗೆ ಇಳಿಯುವ ಸಂಭವವು ಹತ್ತರಲ್ಲಿ ಮೂರು. ಮರುದಿನ ಮಂಜು ಬಾರದಿದ್ದರೆ ಇಲಾಖೆಯವರು ಸುಳ್ಳು ಹೇಳಿದರೆಂದು ನಗಬಾರದು. ಇಂತಹ ಹತ್ತು ಮುಂಜಾವುಗಳಲ್ಲಿ ಏಳರಲ್ಲಿ ಮಂಜು ಬಾರದಿದ್ದರೇನೇ ಅವರ ಮಾತು ನಿಜವಾಗುವುದು. ಹತ್ತರಲ್ಲಿ ಹತ್ತೂ ಬಂದರೆ ಅವರು ತಪ್ಪಿದರು. ಒಂದೂ ಬಾರದಿದ್ದರೂ ತಪ್ಪಿದರು.

ಈ ವಿನಯವು ಸಂಕೇತದ ಉದ್ದಕ್ಕೂ ಇದೆ. ಗಾಳಿಯ ದಿಕ್ಕು 20 ಅಂಶದಷ್ಟು ಅತ್ತಿತ್ತ ಆಗಬಹುದು, 1000 ಅಡಿಗಿಂತ ಮೇಲಿನ ಮೋಡದ ಎತ್ತರವು ನೂರಕ್ಕೆ 30ರಷ್ಟು ಹೆಚ್ಚುಕಡಮೆಯಾಗಬಹುದು ಎಂದು ಅಂತರರಾಷ್ಟ್ರೀಯ ನಿಯಮಗಳೇ ಒಪ್ಪಿಕೊಳ್ಳುತ್ತವೆ. ಗಾಳಿಯ ದಿಕ್ಕು ಆ ಎಲ್ಲೆಯೊಳಗೆ ನೂರರಲ್ಲಿ 80 ಸಲ ಸರಿಬಂದರೆ ಅದು ಒಳ್ಳೆಯ ಮುನ್ಸೂಚನೆಯೆಂದು ಎಣಿಸುತ್ತವೆ. ಪರಿಸ್ಥಿತಿ ಬದಲಾದರೆ ಎ-ಎಂ-ಡಿ ಎಂದು ಮೊದಲಿಟ್ಟು ತಿದ್ದಿದ ಪ್ರತಿಯನ್ನು ಹೊರಡಿಸುತ್ತಾರೆ. ತನ್ನ ಅಜ್ಞಾನದ ಅಳತೆಯನ್ನೂ ಜ್ಞಾನದ ಜೊತೆಗೇ ಕೊಡುವ ಶಾಸ್ತ್ರವು ಪೂಜ್ಯವಾದುದೆಂದು ನಾವು ಭಾವಿಸುತ್ತೇವೆ.

ಇನ್ನು ಆಳಂದದ ಆ ಹಿರಿಯರ ಪ್ರಶ್ನೆಗೆ ಬರೋಣ. ಮೊದಲನೆಯ ಉತ್ತರ ನಿರಾಶೆಯದು: ಆ ಕಾಗದದಲ್ಲಿ ಅವರ ಹೊಲವಿರಲಿಲ್ಲ. ಟಾಫ್ ಎಂಬುದು ನಿಲ್ದಾಣಕ್ಕಾಗಿ ಬರೆದದ್ದು. ನಿಲ್ದಾಣದ ನಡುಬಿಂದುವಿನಿಂದ ಸುಮಾರು 8 ಕಿಲೋಮೀಟರಿನಾಚೆ 16 ಕಿಲೋಮೀಟರಿನ ವರೆಗಿನ ಹವೆಯನ್ನು ನಿಲ್ದಾಣದ ವರದಿಗಳಲ್ಲಿ ನೆರೆಹೊರೆ ಎಂದು ಬೇರೆ ಗುರುತಿನಿಂದಲೇ ಹೇಳುತ್ತಾರೆ. ಅದರಾಚೆಯದು ಲೆಕ್ಕಕ್ಕೇ ಇಲ್ಲ. ಕಲಬುರಗಿ ನಗರದಿಂದ ಆಳಂದವೂ ಜೇವರ್ಗಿಯೂ 40 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಅಫಜಲಪುರವು ಇನ್ನೂ ದೂರ, 60ರ ಸಮೀಪ. ಒಂದು ಸಿ-ಬಿ ಮೋಡದ ಹರವು ಕೆಲವೇ ಕಿಲೋಮೀಟರು. ಆಳಂದದ ಅಮರ್ಜಾ ಕೆರೆಯ ಮೇಲೆ ಸುರಿದು ಪಕ್ಕದ ದಿಬ್ಬವನ್ನು ಒಣಗಿಸಿಯೇ ಬಿಡುವ ಮಳೆಯನ್ನು ಎಲ್ಲರೂ ಕಂಡಿದ್ದೇವೆ. ಆದುದರಿಂದ ನಗರದ ನಿಲ್ದಾಣದ ಟಾಫನ್ನು ಓದಿ ಹಳ್ಳಿಯ ಹೊಲಕ್ಕೆ ತೀರ್ಪು ಕೊಡುವವರನ್ನು ನಂಬಬಾರದು.

ಮಳೆಗಿಂತಲೂ ಪ್ರವಾಹದ ವಿಷಯದಲ್ಲಿ ಇದು ನಿಜ. 2020ರ ಅಕ್ಟೋಬರ್ 13ರ ಬೆಳಗಿನ ಜಾವ ಬಂಗಾಳಕೊಲ್ಲಿಯ ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ನೆಲವನ್ನು ಹೊಕ್ಕು, ತೆಲಂಗಾಣವನ್ನೂ ನಮ್ಮ ಉತ್ತರದ ಜಿಲ್ಲೆಗಳನ್ನೂ ಹಾಯ್ದು ಪಶ್ಚಿಮಕ್ಕೆ ಸಾಗಿತು. ಹೈದರಾಬಾದು ನೀರಿನಲ್ಲಿ ಮುಳುಗಿತು. ಅದೇ ವಾರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ನುಗ್ಗಿದಳು. ಆ ನೀರು ಆ ಹಳ್ಳಿಗಳ ಮೇಲೆ ಬಿದ್ದ ಮಳೆಯಷ್ಟೇ ಆಗಿರಲಿಲ್ಲ. ಮೇಲೆ ಮಹಾರಾಷ್ಟ್ರದ ಕಣಿವೆಗಳಲ್ಲಿ ಬಿದ್ದು, ಉಜನಿಯ ಅಣೆಕಟ್ಟಿನಿಂದ ಹೊರಬಿದ್ದು, ಸೊನ್ನದ ಬಾಂದಾರವನ್ನು ದಾಟಿ ಬಂದದ್ದು. ದೇವಲಗಾಣಗಾಪುರದ ಸಂಗಮದಲ್ಲಿ ನಿಂತವನ ನೆತ್ತಿಯ ಮೇಲೆ ಆಕಾಶ ತಿಳಿಯಾಗಿದ್ದಾಗಲೂ ಕಾಲ ಕೆಳಗೆ ಹೊಳೆ ಏರುತ್ತಿರಬಹುದು. ವಿಮಾನದ ಮುನ್ಸೂಚನೆಯಲ್ಲಿ ಹೊಳೆಗೆ ಸ್ಥಾನವೇ ಇಲ್ಲ. ಹೊಳೆಯ ಮಾತನ್ನು ಕೇಂದ್ರ ಜಲ ಆಯೋಗದಿಂದ, ಅಣೆಕಟ್ಟಿನವರಿಂದ ಕೇಳಬೇಕು. ಒಂದೊಂದು ಮುನ್ಸೂಚನೆಗೂ ಒಂದೊಂದು ಪ್ರಶ್ನೆಯುಂಟು. ಬೇರೆಯ ಪ್ರಶ್ನೆಗೆ ಅದರಿಂದ ಉತ್ತರವನ್ನು ಹಿಂಡಬಾರದು.

ಹಾಗಾದರೆ ಈ ವಿದ್ಯೆಯಿಂದ ಹಳ್ಳಿಗೆ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಅಂಕೆಗಳಿಂದಲ್ಲ, ಓದುವ ರೀತಿಯಿಂದ. ನಮ್ಮ ಹಿರಿಯರ ಮಳೆಯ ಲೆಕ್ಕ ನಕ್ಷತ್ರಗಳದು: ಮಿರಗ, ಆರಿದ್ರೆ, ಮಘೆ, ಉತ್ತರೆ, ಹಸ್ತ, ಚಿತ್ತೆ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ ಎಂದು ಋತುವಿನ ಬೆಳೆಯನ್ನು ನಿರ್ಣಯಿಸಲು ಆ ಲೆಕ್ಕ ಸಾಕಾಗಿತ್ತು, ಇಂದಿಗೂ ಅದು ಅನಾದರಕ್ಕೆ ತಕ್ಕುದಲ್ಲ. ಆದರೆ ಈ ದಿನ ಮಧ್ಯಾಹ್ನ ರಾಶಿಯನ್ನು ಮುಚ್ಚಬೇಕೋ ಬೇಡವೋ ಎಂಬುದನ್ನು ಚಿತ್ತಾ ನಕ್ಷತ್ರ ಹೇಳಲಾರದು. ಅಲ್ಲಿ ಬೇಕಾದುದು ಗಂಟೆಯ ಲೆಕ್ಕ ಮತ್ತು ಸಂಭವದ ಲೆಕ್ಕ.

ಆ ಹಿರಿಯರ ಅಂಗಳವನ್ನೇ ತೆಗೆದುಕೊಳ್ಳೋಣ. ರಾಶಿಯನ್ನು ಒಟ್ಟಿ, ತಾಡಪಾಲನ್ನು ಹೊದಿಸಿ, ಮರುದಿನ ಮತ್ತೆ ಹರವುವುದಕ್ಕೆ ಆಗುವ ಖರ್ಚು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಮುಚ್ಚದೆ ಬಿಟ್ಟು ಮಳೆ ಬಂದರೆ ಆಗುವ ನಷ್ಟ ಹತ್ತು ರೂಪಾಯಿ. ಮಳೆಯ ಸಂಭವವು ಹತ್ತರಲ್ಲಿ ಮೂರು ಎಂದು ಯಾರಾದರೂ ಪ್ರಾಮಾಣಿಕವಾಗಿ ಹೇಳಿದರು. ಇಂತಹ ಹತ್ತು ದಿನಗಳಲ್ಲಿ ದಿನವೂ ಮುಚ್ಚಿದರೆ ಖರ್ಚು ಹತ್ತು ರೂಪಾಯಿ. ಎಂದೂ ಮುಚ್ಚದಿದ್ದರೆ ಮೂರು ದಿನದ ನಷ್ಟ ಮೂವತ್ತು ರೂಪಾಯಿ. ಆದುದರಿಂದ ಮುಚ್ಚುವವನೇ ಜಾಣ. ಹತ್ತರಲ್ಲಿ ಏಳು ದಿನ ನೆರೆಯವರು ಅವನನ್ನು ನೋಡಿ ನಗಲಿ! ಖರ್ಚನ್ನು ನಷ್ಟದಿಂದ ಭಾಗಿಸಿದರೆ ಬರುವ ಅಂಕೆಗಿಂತ ಸಂಭವವು ಹೆಚ್ಚಾಗಿದ್ದರೆ ಎಚ್ಚರಿಕೆ ತೆಗೆದುಕೊಳ್ಳತಕ್ಕದ್ದು ಎಂಬುದೇ ಸೂತ್ರ. ವಿಮಾನದ ಚಾಲಕನು ಪ್ರಾಬ್ 30 ಎಂಬುದನ್ನು ಕಂಡು ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವನ್ನು ತುಂಬಿಕೊಳ್ಳುವುದೂ ಇದೇ ತರ್ಕದಿಂದ. ಇಂಧನದ ಭಾರ ಒಂದು ಖರ್ಚು. ಮಂಜಿನ ಮೇಲೆ ದಾರಿಯಿಲ್ಲದೆ ಸುತ್ತುವುದು ಲೆಕ್ಕಕ್ಕೆ ಸಿಗದ ನಷ್ಟ.

ಸಿಡಿಲಿನ ವಿಷಯದಲ್ಲಿ ಈ ತರ್ಕಕ್ಕೆ ಇನ್ನೂ ಹರಿತವಿದೆ. ಟಿ-ಎಸ್ ಎಂಬ ಎರಡಕ್ಷರ ಕಂಡೊಡನೆ ನಿಲ್ದಾಣಗಳಲ್ಲಿ ಬಯಲಿನ ಕೆಲಸದವರಿಗೆ ಎಚ್ಚರಿಕೆ ಹೋಗುತ್ತದೆ. ಜೇವರ್ಗಿಯ ಎರೆನೆಲದಲ್ಲಿ ಕೆಲಸ ಮಾಡುವವನಿಗೆ ಆ ಎರಡಕ್ಷರವನ್ನು ಯಾರು ಹೇಳುತ್ತಾರೆ? ಹನಿ ಬಿದ್ದೊಡನೆ ಅವನು ಹೊಲದ ನಡುವಿನ ಒಂಟಿ ಬೇವಿನ ಕೆಳಗೆ ಓಡುತ್ತಾನೆ. ಸಿಡಿಲಿಗೂ ಆ ಮರವೇ ಬೇಕು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ರೂಪಿಸಿದ ದಾಮಿನಿ ಎಂಬ ಸಾಧನವು ಕೈಫೋನಿನಲ್ಲಿ ಹತ್ತಿರದ ಸಿಡಿಲಿನ ಎಚ್ಚರಿಕೆಯನ್ನು ಕೊಡುತ್ತದೆ. ಅದಿಲ್ಲದವನಿಗೂ ಕಿವಿಯುಂಟು: ಗುಡುಗು ಕೇಳಿಸಿತೆಂದರೆ ಸಿಡಿಲು ತಲಪುವಷ್ಟು ಹತ್ತಿರವಿದೆಯೆಂದೇ ಅರ್ಥ. ಆಗ ಮರವನ್ನು ಬಿಟ್ಟು ಗಟ್ಟಿಯಾದ ಮನೆಯನ್ನು ಸೇರಬೇಕು. ನಗರದಲ್ಲಿ ಕುಳಿತು ಇದನ್ನು ಕೇಳುತ್ತಿರುವ ತಮ್ಮಲ್ಲಿ ಹಲವರಿಗೆ ಹಳ್ಳಿಯಲ್ಲಿ ಬಂಧುಗಳಿರುತ್ತಾರೆ. ಈ ಒಂದು ಮಾತನ್ನು ಅವರಿಗೆ ತಲಪಿಸಿದರೆ ನಮ್ಮ ಭಾಷಣ ಸಾರ್ಥಕ.

ವಿದ್ಯಾವಂತರಾದ ನಾವು ಮುನ್ಸೂಚನೆಯನ್ನು ಓದುವ ಕ್ರಮದಲ್ಲಿ ಮೂರು ತಪ್ಪುಗಳನ್ನು ಮಾಡುತ್ತೇವೆ: ಕಾಲವನ್ನು ನೋಡುವುದಿಲ್ಲ, ಸ್ಥಳವನ್ನು ನೋಡುವುದಿಲ್ಲ, ಸಂಭವವನ್ನು ನಿಶ್ಚಯವೆಂದು ತಿಳಿಯುತ್ತೇವೆ. ವಿಮಾನದ ಮಿತಾಕ್ಷರವು ಈ ಮೂರನ್ನೂ ತಪ್ಪದೆ ಕಲಿಸುತ್ತದೆ. ಎಲ್ಲಿ, ಎಂದಿನಿಂದ ಎಂದಿನ ವರೆಗೆ, ಹತ್ತರಲ್ಲಿ ಎಷ್ಟು ಸಲ, ಎಂಬ ಈ ಪ್ರಶ್ನೆಗಳನ್ನು ಕೇಳದೆ ಹವೆಯ ಸುದ್ದಿಯನ್ನು ಒಪ್ಪಿಕೊಳ್ಳುವುದಿಲ್ಲವೆಂದು ನಾವು ನಿಶ್ಚಯಿಸಿದರೆ, ಹೇಳುವವರೂ ಕ್ರಮೇಣ ಹಾಗೆಯೇ ಹೇಳಲು ಕಲಿಯುತ್ತಾರೆ. ವಿಮಾನದವರು ಹಾಗೆ ಕೇಳಿದರು. ಆದುದರಿಂದ ಅವರಿಗೆ ಅಂತಹ ಮುನ್ಸೂಚನೆ ದೊರೆಯಿತು. ಒಕ್ಕಲಿಗನ ಪ್ರಶ್ನೆ ವಿಮಾನದವರ ಪ್ರಶ್ನೆಗಿಂತ ಕಡಮೆಯದಲ್ಲ. ಅವನ ಹೊಲಕ್ಕೂ ಅಷ್ಟೇ ಸೂಕ್ಷ್ಮವಾದ, ಅಷ್ಟೇ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು.

ಆ ದಿನ ಆಳಂದದ ಅಂಗಳದಲ್ಲಿ ಏನಾಯಿತೆಂದು ತಾವು ಕೇಳಬಹುದು. ನಾವು ಕಾಗದವನ್ನು ಮಡಿಚಿಟ್ಟು, ಖರ್ಚು ನಷ್ಟಗಳ ಲೆಕ್ಕವನ್ನು ಹೇಳಿದೆವು. ಅವರು ಪೂರ್ತಿ ಕೇಳುವ ಮೊದಲೇ ಎದ್ದು, "ಇದು ನಮಗ ಗೊತ್ತದರಿ" ಎಂದು ತಾಡಪಾಲಿನ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ನಮ್ಮ ಕೈಗೆ ಕೊಟ್ಟರು. ರಾಶಿಯನ್ನು ಮುಚ್ಚಿದೆವು. ಮೋಡವು ದಕ್ಷಿಣಕ್ಕೆ ಸರಿದು ಹೋಯಿತು. ಆ ಸಂಜೆ ಅಲ್ಲಿ ಒಂದು ಹನಿಯೂ ಬೀಳಲಿಲ್ಲ. ಹಿರಿಯರು ನಗಲಿಲ್ಲ. ಬೆಳಿಗ್ಗೆ ಹೊದಿಕೆಯನ್ನು ತೆಗೆದು ಮತ್ತೆ ಹರವಿದರು.